ಬೆರಳ ತುದಿಯ ಟೈಮಿಂಗ್

ಹಾಸ್ಯಗಾರನಿಗೆ ಗಂಟಲೇ ಬಂಡವಾಳ ಅಂತ ಬಹಳ ಕಾಲ ನಂಬಿಕೊಂಡಿದ್ದೆ. ನಗೆಹಬ್ಬಗಳಲ್ಲಿ ಪಳಗಿದ ಕಿವಿ ನನ್ನದು. ಒಂದು ಮಾತನ್ನು ಎಳೆದು, ನಡುವೆ ಸುಳ್ಳು ಕೆಮ್ಮೊಂದನ್ನು ಸೇರಿಸಿ, ಕೊನೆಯ ಶಬ್ದವನ್ನು ಅರ್ಧ ನುಂಗಿ ಸಭೆಯನ್ನೇ ಉರುಳಾಡಿಸುವವರನ್ನು ಕಂಡಿದ್ದೇನೆ. ಹಾಗಾಗಿ ಇಂಗ್ಲೆಂಡಿನ ಹಾಸ್ಯಗಾರ ಲೀ ರಿಡ್ಲಿಯವರ ವಿಡಿಯೊ ಮೊದಲ ಸಲ ನೋಡಿದಾಗ ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು.

ತುಸು ವಾಲುತ್ತ ನಡೆದು ಬರುತ್ತಾರೆ. ಐಪ್ಯಾಡಿನ ಮುಂದೆ ನಿಲ್ಲುತ್ತಾರೆ. ತುಟಿ ಅಲುಗುವುದಿಲ್ಲ. ಬೆರಳು ಗಾಜನ್ನು ಮುಟ್ಟುತ್ತದೆ, ಯಂತ್ರದ ದನಿಯೊಂದು ಮಾತಾಡುತ್ತದೆ. ಇನ್ನು ಮುಂದೆ ನನಗೆ ಮಾತು ಬರುವುದಿಲ್ಲ ಅಂತ ಗೊತ್ತಾದಾಗ, ಅನ್ನುತ್ತದೆ ಆ ದನಿ. ಸಭೆ ಗಪ್‌ಚಿಪ್. ಪಾಪ ಅನ್ನುವ ಭಾವ ಜನರ ಮುಖದಲ್ಲಿ ಇನ್ನೂ ಮೂಡುತ್ತಿರುತ್ತದೆ. ಅಷ್ಟರಲ್ಲಿ ಉಳಿದರ್ಧ ಬರುತ್ತದೆ: ಮಾತೇ ಹೊರಡಲಿಲ್ಲ.

ಇಂಗ್ಲಿಷಿನ ಜೋಕು ಕನ್ನಡಕ್ಕೆ ಬರುವಾಗ ದಾರಿಯಲ್ಲೇ ಸಾಯುವುದು ವಾಡಿಕೆ. ಇದು ಮಾತ್ರ ನಮ್ಮ ನುಡಿಗಟ್ಟಿನೊಳಗೇ ಹುಟ್ಟಿದಂತೆ ಬಂದು ಕೂತಿತು.

ಈಶಾನ್ಯ ಇಂಗ್ಲೆಂಡಿನ ಕಾನ್ಸೆಟ್ ಎಂಬ ಊರಿನವರು ರಿಡ್ಲಿ. ಕೂಸಾಗಿದ್ದಾಗ ಬಂದ ಮಿದುಳಿನ ಉರಿಯೂತ ಸೆರೆಬ್ರಲ್ ಪಾಲ್ಸಿಯನ್ನು ಬಿಟ್ಟುಹೋಯಿತು, ಮಾತನ್ನು ಕೊಂಡೊಯ್ದಿತು. ಪತ್ರಕರ್ತರಾಗಿ ದುಡಿದವರು 2012ರಲ್ಲಿ ವೇದಿಕೆ ಹತ್ತಿದರು. ಇಟ್ಟುಕೊಂಡ ಹೆಸರು ಲಾಸ್ಟ್ ವಾಯ್ಸ್ ಗೈ. 2014ರಲ್ಲಿ ಬಿಬಿಸಿಯ ಹೊಸ ಹಾಸ್ಯಗಾರರ ಪ್ರಶಸ್ತಿ ಬಂತು. 2018ರಲ್ಲಿ ‘ಬ್ರಿಟನ್ಸ್ ಗಾಟ್ ಟ್ಯಾಲೆಂಟ್’ ಗೆದ್ದರು, ಆ ಸ್ಪರ್ಧೆ ಗೆದ್ದ ಮೊದಲ ಹಾಸ್ಯಗಾರರಾಗಿ. ಇವೆಲ್ಲ ಎಲ್ಲಿ ಬೇಕಾದರೂ ಸಿಗುತ್ತವೆ, ಬಿಡಿ. ನನ್ನನ್ನು ಕಟ್ಟಿಹಾಕಿದ್ದು ಆ ಬೆರಳು.

ಬೆರಳಿಗೆ ಮುಂಚೆ ದನಿಯ ಮಾತು. ಮೆಟ್ರೊದಲ್ಲಿ ‘ಮುಂದಿನ ನಿಲ್ದಾಣ’ ಅನ್ನುವ ದನಿ ಕೇಳಿದ್ದೀರಲ್ಲ, ಅದು ಇದ್ದಕ್ಕಿದ್ದಂತೆ ತನ್ನ ಪಜೀತಿ ಹೇಳಿಕೊಳ್ಳಲು ಶುರುಮಾಡಿದರೆ ಹೇಗಿರುತ್ತದೆ? ಏರಿಳಿತವಿಲ್ಲ, ನಾಚಿಕೆಯಿಲ್ಲ, ತಾನು ನಗಿಸುತ್ತಿದ್ದೇನೆ ಅನ್ನುವ ಅರಿವಂತೂ ಇಲ್ಲವೇ ಇಲ್ಲ. ಮುಖ ಗಂಟಿಕ್ಕಿಕೊಂಡು ತಮಾಷೆ ಮಾಡುವವರು ನಮ್ಮಲ್ಲೂ ಉಂಟು. ರಿಡ್ಲಿಯವರು ಆ ಗಂಟುಮೋರೆಯನ್ನು ಯಂತ್ರಕ್ಕೆ ವಹಿಸಿದ್ದಾರೆ. ಅವರ ಸ್ವಂತ ಮುಖ ಬಿಡುವಾಗಿ ಉಳಿಯುತ್ತದೆ. ಯಂತ್ರ ಪೋಲಿ ಮಾತಾಡಿದಾಗ ಇವರು ತಮಗೆ ಸಂಬಂಧವೇ ಇಲ್ಲ ಅನ್ನುವಂತೆ ಸಭೆಯತ್ತ ಕಣ್ಣು ಹಾಯಿಸುತ್ತಾರೆ. ಒಂಟಿ ಪ್ರದರ್ಶನದಲ್ಲೂ ಜೋಡಿ ಪಾತ್ರ.

ಇನ್ನು ಆ ಬೆರಳು. ಗಂಟಲಿದ್ದವನು ಸಭೆಯ ನಗುವಿನ ಮೇಲೇ ದನಿ ಏರಿಸಿ ಮುಂದಿನ ಮಾತು ತೂರಿಸಬಹುದು. ರಿಡ್ಲಿಯವರಿಗೆ ಆ ಸೌಲಭ್ಯವಿಲ್ಲ. ಅರೆಗಳಿಗೆ ಮುಂಚೆ ಒತ್ತಿದರೆ ಸಾಲು ಗದ್ದಲದಲ್ಲಿ ಮುಳುಗಿತು, ತಡವಾಗಿ ಒತ್ತಿದರೆ ಸಭೆ ತಣ್ಣಗಾಯಿತು. ಅದಕ್ಕೇ ಅವರು ಕಾಯುತ್ತಾರೆ. ನಗು ಏರಿ, ಒಡೆದು, ಹಿಂದಿನ ಸಾಲಿನಲ್ಲಿ ಇನ್ಯಾರೋ ಒಬ್ಬರು ಕಿಸಕ್ಕೆಂದು, ಅದೂ ಇಳಿಯುವ ಹೊತ್ತಿಗೆ ಬೆರಳು ಬೀಳುತ್ತದೆ. ಸಂಗೀತದವರು ಕಾಲಪ್ರಮಾಣ ಅನ್ನುವುದು ಇದನ್ನೇ ಇರಬೇಕು. ಅದರ ಹಿಂದಿನ ಸಿದ್ಧತೆಯೂ ಸ್ವರಲಿಪಿ ಬರೆದಂತೆಯೇ. ಎಲ್ಲಿ ತಡೆಯಬೇಕೋ ಅಲ್ಲಿ ಅಲ್ಪವಿರಾಮ ಹಾಕಬೇಕು. ಯಂತ್ರ ಎಡವುವ ಪದದ ಕಾಗುಣಿತವನ್ನು ಬೇಕೆಂದೇ ಕೆಡಿಸಬೇಕು, ಆಗ ಉಚ್ಚಾರ ಸರಿಹೋಗುತ್ತದೆ.

ಕುಂದೂ ಇದೆ. ಎಷ್ಟು ಹೊತ್ತು ಅಂತ ಒಂದೇ ದನಿ ಕೇಳುವುದು? ಪ್ರದರ್ಶನ ಉದ್ದವಾದಂತೆ ನಡುವೆ ಎಲ್ಲೋ ಕಿವಿ ಮಂದವಾಗುತ್ತದೆ. ಸಭೆಯಿಂದ ಯಾರಾದರೂ ಕೂಗಿದರೆ ಆ ಕ್ಷಣಕ್ಕೆ ತಿರುಗೇಟು ಕೊಡುವ ಸುಖವೂ ಇಲ್ಲ, ಟೈಪ್ ಮಾಡುವಷ್ಟರಲ್ಲಿ ಬಿಸಿ ಆರಿರುತ್ತದೆ. ಆದರೆ ತಮ್ಮನ್ನು ‘ಸ್ಫೂರ್ತಿ’ ಅಂತ ಕರೆದು ಕಣ್ಣೊರೆಸಿಕೊಳ್ಳುವ ಜನರನ್ನು ಅವರು ಗೇಲಿ ಮಾಡುವಾಗ ಮಂದವಾದ ಕಿವಿಯೂ ನಿಮಿರುತ್ತದೆ. 2019ರಲ್ಲಿ ಬಂದ ಅವರ ಪುಸ್ತಕದ ಹೆಸರೇ ಹೇಳುತ್ತದೆ, ತಾನು ಅಂಗವಿಕಲನಾಗಿರುವುದು ಪಾರ್ಕಿಂಗ್ ಜಾಗ ಸಿಗುತ್ತದೆ ಅಂತ ಮಾತ್ರ ಎಂದು.

ಬಹಳ ದಿನ ಅವರ ಯಂತ್ರ ಆಡಿದ್ದು ತಿದ್ದಿ ತೀಡಿದ, ಸುಸಂಸ್ಕೃತ ಇಂಗ್ಲಿಷು. ಅವರದೋ ಈಶಾನ್ಯ ಇಂಗ್ಲೆಂಡಿನ ಜಾರ್ಡಿ ಸೀಮೆ, ಅಲ್ಲಿನ ಮಾತಿನ ಧಾಟಿಯೇ ಬೇರೆ. ನಮ್ಮ ಧಾರವಾಡದವರು ಜೀವನವಿಡೀ ಬೆಂಗಳೂರು ವಾರ್ತೆಯ ದನಿಯಲ್ಲಿ ಮಾತಾಡಿದ ಹಾಗೆ. ಕೊನೆಗೆ ಎಡಿನ್‌ಬರೊದ ಸೆರೆಪ್ರಾಕ್ ಕಂಪನಿ ಅವರಿಗೆ ಜಾರ್ಡಿ ದನಿಯನ್ನೇ ಮಾಡಿಕೊಟ್ಟಿತು. ರಸಿಕನಾಗಿ ನನ್ನ ವೋಟು ಹಳೇ ದನಿಗೇ. ಪೋಲಿತನಕ್ಕೂ ಆ ಶಿಷ್ಟ ಉಚ್ಚಾರಕ್ಕೂ ನಡುವಿನ ಅಂತರವೇ ಅರ್ಧ ನಗೆ ತರುತ್ತಿತ್ತು. ಆದರೆ ಊರಿನ ದನಿಯಲ್ಲಿ ಮಾತಾಡುವ ಆಸೆಯ ಮುಂದೆ ನನ್ನ ರಸಿಕತೆಗೇನು ಬೆಲೆ!

‘ಬ್ರಿಟನ್ಸ್ ಗಾಟ್ ಟ್ಯಾಲೆಂಟ್’ಗೆ ಅವರು ಕೊಟ್ಟ 2018ರ ಆಡಿಷನ್ ಯೂಟ್ಯೂಬ್‌ನಲ್ಲಿದೆ. ಒಂದು ಸಲ ನಗುವುದಕ್ಕೆ ನೋಡಿ. ಎರಡನೇ ಸಲ ಜೋಕು ಬಿಟ್ಟುಬಿಡಿ, ಬೆರಳನ್ನು ನೋಡಿ.