ಶಾಕ್ ಲೀಕಿಗೆ ಅಪ್‌ಗ್ರೇಡ್ ಮದ್ದಲ್ಲ

ಬೈಕಿನ ಬಗ್ಗೆ ಕನ್ನಡದಲ್ಲಿ ಮಾತಾಡೋರು ಈಗ ಬಹಳ ಜನ ಇದ್ದಾರೆ. ಒಳ್ಳೆಯದೇ. ಎಂಜಿನ್ ಎಷ್ಟು ಸಿಸಿ, ಮೈಲೇಜ್ ಎಷ್ಟು, ಸೈಲೆನ್ಸರ್ ಸದ್ದು ಹೇಗಿದೆ, ಎಲ್ಲವನ್ನೂ ನಮ್ಮ ಭಾಷೆಯಲ್ಲೇ ಕೇಳಬಹುದು. ಆದರೆ ಮುಂದಿನ ಫೋರ್ಕಿನ ವಿಷಯಕ್ಕೆ ಬಂದ ಕೂಡಲೇ ಆ ಮಾತೆಲ್ಲ ಒಂದೇ ಸಾಲಿಗೆ ಇಳಿದುಬಿಡುತ್ತದೆ: "ಯುಎಸ್‌ಡಿ ಕೊಟ್ಟಿದಾರೆ, ಲುಕ್ ಸೂಪರ್." ಕೊಟ್ಟಿಲ್ಲ ಅಂದ್ರೆ, "ಈ ರೇಟಿಗೆ ಯುಎಸ್‌ಡಿ ಕೊಡಬೇಕಿತ್ತು ಗುರು." ಅಷ್ಟೇ. ಆ ಫೋರ್ಕ್ ಯಾವ ರಸ್ತೆಯಲ್ಲಿ ಎಷ್ಟು ದಿನ ಬಾಳುತ್ತೆ, ಸೀಲ್ ಹೋದಾಗ ಯಾರು ಬಿಚ್ಚುತ್ತಾರೆ, ಬಿಚ್ಚಿದ ಮೇಲೆ ಬಿಡಿಭಾಗ ಸಿಗುತ್ತಾ ಅನ್ನೋ ಪ್ರಶ್ನೆಗಳು ಬರೋದೇ ಇಲ್ಲ. ನನ್ನ ತಕರಾರು ಇರೋದು ಇಲ್ಲಿ. ಫೋರ್ಕನ್ನು ನಾವು ಆಭರಣದ ಥರ ವಿಮರ್ಶೆ ಮಾಡ್ತಿದ್ದೇವೆ. ಅದು ಸೋರಿದಾಗ ಆಭರಣದ ಅಂಗಡಿಗೇ ಹೋಗಿ ನಿಲ್ಲುತ್ತೇವೆ.

ಫೋರ್ಕಿನ ಗುಣ ಗೊತ್ತಾಗೋದು ಬೆಂಗಳೂರಿನ ಫ್ಲೈಓವರ್ ಮೇಲೆ ಅಲ್ಲ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಿರಿಯೂರು ದಾಟಿ ಚಿತ್ರದುರ್ಗದವರೆಗೆ ಹೋದರೂ ಗೊತ್ತಾಗಲ್ಲ. ಆ ಇನ್ನೂರು ಕಿಲೋಮೀಟರಿನಲ್ಲಿ ಫೋರ್ಕಿಗೆ ಹೆಚ್ಚಿನ ಕೆಲಸ ಇಲ್ಲ. ವಾರಾಂತ್ಯಕ್ಕೆ ಕೋಟೆ, ಜೋಗಿಮಟ್ಟಿ, ವಾಣಿವಿಲಾಸ ಸಾಗರ ಅಂತ ಹೊರಡುವ ನಮ್ಮ ಗುಂಪುಗಳು ಆ ಹೆದ್ದಾರಿಯನ್ನೇ ನೋಡಿ "ಸಸ್ಪೆನ್ಷನ್ ಬೆಣ್ಣೆ ಥರ ಇದೆ" ಅಂತ ಷರಾ ಬರೆದುಬಿಡುತ್ತವೆ. ಹೆದ್ದಾರಿ ಬಿಟ್ಟು ಹೊಳಲ್ಕೆರೆ ಕಡೆ, ಭೀಮಸಮುದ್ರದ ಕಡೆ, ಹೊಸದುರ್ಗದ ಹಳ್ಳಿಗಳ ಒಳದಾರಿಗೆ ತಿರುಗಿ ನೋಡಿ. ಪರೀಕ್ಷೆ ಅಲ್ಲಿ ಶುರು. ಊರು ಶುರುವಾಗೋ ಮೊದಲೊಂದು, ಮುಗಿದ ಮೇಲೊಂದು ಹಂಪ್. ಹಂಪಿಗೆ ಬಣ್ಣ ಇರಲ್ಲ, ಬೋರ್ಡ್ ಇರಲ್ಲ. ಅದರ ಆಚೆ ಗುಂಡಿ. ಇದೆಲ್ಲದರ ಮೇಲೆ ಧೂಳು.

ಈ ಧೂಳು ಸಾಮಾನ್ಯದ್ದಲ್ಲ. ಚಿತ್ರದುರ್ಗ ಮಳೆ ಕಮ್ಮಿ ಇರೋ ಜಿಲ್ಲೆ, ವರ್ಷದ ಹೆಚ್ಚಿನ ದಿನ ನೆಲ ಒಣಗಿಯೇ ಇರುತ್ತೆ. ಅದಕ್ಕೆ ಕಬ್ಬಿಣದ ಅದಿರು ಸೇರಿಕೊಂಡಿದೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಜೊತೆಗೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಗೂ ತಡೆ ಹಾಕಿತ್ತು. 2013ರ ಏಪ್ರಿಲ್ ತೀರ್ಪಿನ ನಂತರ ಷರತ್ತುಗಳ ಮೇಲೆ ಗಣಿಗಳು ಮತ್ತೆ ಶುರುವಾದವು, ಲಾರಿಗಳೂ ಶುರುವಾದವು. ತೋಟದ ಮೇಲೆ ಕೂರುವ ಕೆಂಪು ಧೂಳಿನ ಬಗ್ಗೆ ಆ ಭಾಗದ ರೈತರ ದೂರು ಹಳೆಯದು. ಅಡಿಕೆ ಮರದ ಮೇಲೆ ಕೂತ ಅದೇ ಧೂಳು ದಾರಿಹೋಕನ ಫೋರ್ಕ್ ಪೈಪಿನ ಮೇಲೂ ಕೂರುತ್ತೆ. ಅದಿರಿನ ಪುಡಿ ಅಂದ್ರೆ ಉಜ್ಜುವ ಪುಡಿ. ಎಮರಿ ಕಾಗದಕ್ಕೆ ಅಂಟಿಸಿರುತ್ತಾರಲ್ಲ, ಆ ಜಾತಿ.

ಫೋರ್ಕ್ ಅಂದರೆ ಒಂದರೊಳಗೊಂದು ಜಾರುವ ಎರಡು ಕೊಳವೆ. ನಮ್ಮ ಮೆಕ್ಯಾನಿಕ್‌ಗಳ ಭಾಷೆಯಲ್ಲಿ ಮೇಲಿನ ಹೊಳೆಯೋದು ಪೈಪು, ಕೆಳಗಿನದು ಬಾಟಮ್. ಒಳಗೆ ಸ್ಪ್ರಿಂಗು, ಎಣ್ಣೆ. ಹೊಡೆತ ತಿನ್ನೋದು ಸ್ಪ್ರಿಂಗು. ಅದು ಮತ್ತೆ ಮತ್ತೆ ಪುಟಿಯದಂತೆ ಹಿಡಿಯೋದು ಸಣ್ಣ ತೂತುಗಳಲ್ಲಿ ನುಸುಳುವ ಎಣ್ಣೆ. ಎಣ್ಣೆಯಿಂದ ಪುಟಿತ ಹಿಡಿಯುವ ಇಂಥ ಫೋರ್ಕನ್ನು ಬಿಎಂಡಬ್ಲ್ಯು ಕಂಪನಿ 1935ರಲ್ಲೇ ತನ್ನ ಆರ್12 ಬೈಕಿಗೆ ಹಾಕಿ ಮಾರಿತ್ತು. ಹೂರಣ ಇವತ್ತಿಗೂ ಬಹುಮಟ್ಟಿಗೆ ಅದೇ. ಎಣ್ಣೆ ಹೊರಗೆ ಬಾರದಂತೆ ತಡೆಯೋದು ಬಾಟಮ್ಮಿನ ಬಾಯಲ್ಲಿ ಕೂತಿರೋ ಒಂದು ರಬ್ಬರ್ ಉಂಗುರ, ಅದೇ ಆಯಿಲ್ ಸೀಲ್. ಅದರ ಮೇಲೆ ಧೂಳು ತಡೆಯೋಕೆ ಡಸ್ಟ್ ಸೀಲ್. ಒಂದು ಹಂಪ್ ಹತ್ತಿ ಇಳಿದರೆ ಪೈಪು ಆ ರಬ್ಬರಿನ ತುಟಿಯನ್ನು ಸವರಿಕೊಂಡು ಒಮ್ಮೆ ಒಳಗೆ ಹೋಗಿ ಹೊರಗೆ ಬರುತ್ತೆ. ಪೈಪಿನ ಜೊತೆ ಅದಿರಿನ ಪುಡಿಯೂ ಒಳಗೆ ಹೋದರೆ ತುಟಿ ಹರಿಯುತ್ತೆ. ಎಣ್ಣೆ ಜಿನುಗುತ್ತೆ. ಜಿನುಗಿದ ಎಣ್ಣೆಗೆ ಇನ್ನಷ್ಟು ಧೂಳು ಅಂಟುತ್ತೆ. ಆಮೇಲೆ ತಡೆಯೋರಿಲ್ಲ.

"ಸ್ವಲ್ಪ ಲೀಕ್ ಇದೆ, ಓಡಿಸಬಹುದು" ಅನ್ನೋ ಮಾತು ನಮ್ಮಲ್ಲಿ ಬಹಳ. ಡ್ರಮ್ ಬ್ರೇಕ್ ಕಾಲದಲ್ಲಿ ಅದು ಹೇಗೋ ನಡೀತಿತ್ತು. ಈಗ ಮುಂದಿನ ಚಕ್ರಕ್ಕೆ ಡಿಸ್ಕ್ ಇದೆ. ಕ್ಯಾಲಿಪರ್ ಕೂತಿರೋದು ಅದೇ ಬಾಟಮ್ಮಿನ ಮೇಲೆ. ಸೋರಿದ ಎಣ್ಣೆ ಇಳಿದು ಡಿಸ್ಕಿಗೆ, ಪ್ಯಾಡಿಗೆ ಹತ್ತಿದರೆ ಬೇಕಾದ ಹೊತ್ತಿಗೆ ಬ್ರೇಕ್ ಹಿಡಿಯಲ್ಲ. ಬೈಕ್ ನಿಲ್ಲಿಸೋ ಶಕ್ತಿಯಲ್ಲಿ ದೊಡ್ಡ ಪಾಲು ಮುಂದಿನ ಬ್ರೇಕಿನದೇ. ಎಣ್ಣೆ ಕುಡಿದ ಪ್ಯಾಡನ್ನು ಪೆಟ್ರೋಲಲ್ಲಿ ತೊಳೆದು ಉಜ್ಜಿ ಮತ್ತೆ ಹಾಕೋರನ್ನು ನೋಡಿದ್ದೇನೆ. ಅದು ಉಳಿತಾಯ ಅಲ್ಲ, ಪ್ಯಾಡ್ ಬದಲಿಸಲೇಬೇಕು. ಎಡ ಬಲದಲ್ಲಿ ಎಣ್ಣೆ ಬೇರೆ ಬೇರೆ ಆದರೆ ಹ್ಯಾಂಡಲ್ಲೂ ನಂಬಿಕಸ್ತ ಅಲ್ಲ. ಹಾಗಾಗಿ ಇದು ಬೈಕ್ ಹುಚ್ಚರ ಕುಶಾಲಿನ ವಿಷಯ ಅಂತ ಪಕ್ಕಕ್ಕಿಡಬೇಡಿ.

ಈಗ ಚಿಕಿತ್ಸೆ. ಮಾರುಕಟ್ಟೆ ಮೂರು ಥರದ್ದನ್ನು ಕೊಡುತ್ತೆ.

ಮೊದಲನೆಯದು ರಸ್ತೆ ಬದಿಯ ಗ್ಯಾರೇಜಿನದು: ಸೀಲ್ ಬದಲಿಸೋದು. ಕಮ್ಯೂಟರ್ ಬೈಕಾದರೆ ಎರಡೂ ಕಡೆ ಸೀಲು, ಹೊಸ ಎಣ್ಣೆ, ಕೂಲಿ ಸೇರಿ ಸಾಮಾನ್ಯವಾಗಿ ಸಾವಿರ ರೂಪಾಯಿ ಆಸುಪಾಸು. ತತ್ವದಲ್ಲಿ ಇದೇ ಸರಿಯಾದ ಮದ್ದು. ಹಾಗಂತ ಈ ಗ್ಯಾರೇಜನ್ನು ರೊಮ್ಯಾಂಟಿಕ್ ಮಾಡೋದೂ ಬೇಡ. ಸೀಲ್ ಹೋಗಿದ್ದು ಯಾಕೆ ಅಂತ ನೋಡದೆ ಹೊಸ ಸೀಲ್ ಬಡಿದರೆ ತಿಂಗಳೊಳಗೆ ಅದೂ ಹೋಗುತ್ತೆ. ಪೈಪಿನ ಕ್ರೋಮ್ ಮೇಲೆ ತುಕ್ಕಿನ ಚುಕ್ಕೆ ಇದೆಯಾ ಅಂತ ಉಗುರು ಸವರಿ ನೋಡಬೇಕು. ಉಗುರು ಸಿಕ್ಕಿದ ಕಡೆ ರಬ್ಬರೂ ಹರಿಯುತ್ತೆ. ಚಿಕ್ಕ ಚುಕ್ಕೆಯಾದರೆ ನಯವಾದ ಎಮರಿಯಲ್ಲಿ ಉಜ್ಜಿ ಅಂಚು ತೆಗೆಯಬಹುದು. ಆಳವಾಗಿದ್ದರೆ ಪೈಪು ಬದಲಿಸಬೇಕು, ಇಲ್ಲವೇ ಹೊಸದಾಗಿ ಹಾರ್ಡ್ ಕ್ರೋಮ್ ಹಾಕಿಸಬೇಕು. ಪೈಪು ಬೆಂಡಾಗಿದೆಯಾ ಅಂತ ಲೇತ್‌ಗೆ ಕಟ್ಟಿಯಾದರೂ, ಗಾಜಿನ ಮೇಲೆ ಉರುಳಿಸಿಯಾದರೂ ನೋಡಬೇಕು. ಒಳಗಿನ ಬುಷ್ ಸವೆದಿದ್ದರೆ ಪೈಪು ಅಲ್ಲಾಡಿ ಸೀಲನ್ನು ಒಂದೇ ಕಡೆ ತಿನ್ನುತ್ತೆ. ಒಳ್ಳೆ ಮೆಕ್ಯಾನಿಕ್ ಆದರೆ "ಸಾರ್, ಇದು ಸೀಲ್ ಹೋಗಿರೋದಲ್ಲ, ಪೈಪ್ ತಿಂದಿದೆ" ಅಂತ ಮೊದಲೇ ಹೇಳ್ತಾನೆ. ಅವಸರದವನು ಹೇಳಲ್ಲ.

ಎಣ್ಣೆಯದು ಇನ್ನೊಂದು ಕಥೆ. ಫೋರ್ಕ್ ಆಯಿಲ್ ಬದಲು ಕೈಗೆ ಸಿಕ್ಕ ಎಂಜಿನ್ ಆಯಿಲ್, ಅದೂ ಕಣ್ಣಳತೆಯಲ್ಲಿ. "ಸ್ವಲ್ಪ ಜಾಸ್ತಿ ಹಾಕಿದೀನಿ, ಟೈಟ್ ಇರುತ್ತೆ" ಅನ್ನೋ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಫೋರ್ಕಿನೊಳಗೆ ಎಣ್ಣೆಯ ಮೇಲೆ ಗಾಳಿಗೆ ಜಾಗ ಬೇಕು. ಎಣ್ಣೆ ಜಾಸ್ತಿ ಆದರೆ ಆ ಗಾಳಿ ವಿಪರೀತ ಒತ್ತಿಕೊಂಡು ಹೊಸ ಸೀಲನ್ನೇ ಹೊರಗೆ ದೂಡುತ್ತೆ. ಕಂಪನಿ ಹೇಳಿದ ಅಳತೆ, ಹೇಳಿದ ಗ್ರೇಡು, ಇದರಲ್ಲಿ ರಾಜಿ ಇಲ್ಲ. ಹಳೇ ಸೀಲನ್ನು ಸ್ಕ್ರೂಡ್ರೈವರಿನಲ್ಲಿ ಎಬ್ಬುವಾಗ ಬಾಟಮ್ಮಿನ ಒಳಗೋಡೆಗೆ ಗೀರು ಬಿದ್ದರೆ ಎಣ್ಣೆ ಸೀಲಿನ ಹೊರಗಿನಿಂದಲೂ ದಾರಿ ಮಾಡ್ಕೊಳ್ಳುತ್ತೆ. ನಮ್ಮ ಗ್ಯಾರೇಜುಗಳಲ್ಲಿ ಕೈಚಳಕಕ್ಕೆ ಬರ ಇಲ್ಲ. ಕೊರತೆ ಇರೋದು ಅಳತೆ ಪಾತ್ರೆಗೆ ಮತ್ತು ಕಂಪನಿಯ ಸರ್ವಿಸ್ ಪುಸ್ತಕಕ್ಕೆ.

ಎಲ್ಲ ಲೀಕಿಗೂ ಸೀಲ್ ಬದಲಿಸಬೇಕಾಗಿಯೂ ಇಲ್ಲ. ತುಟಿ ಇನ್ನೂ ಹರಿದಿಲ್ಲ, ಬರೀ ಕಸ ಸಿಕ್ಕಿದೆ ಅಂತಾದರೆ ಡಸ್ಟ್ ಸೀಲ್ ಮೇಲೆತ್ತಿ, ಹಳೇ ಎಕ್ಸ್‌ರೇ ಫಿಲ್ಮಿನ ತೆಳು ತುಂಡನ್ನು ಸೀಲಿನ ತುಟಿಗೂ ಪೈಪಿಗೂ ನಡುವೆ ತೂರಿಸಿ ಸುತ್ತ ಎಳೆದರೆ ಕಸ ಹೊರಗೆ ಬರುತ್ತೆ, ಸೋರುವುದು ನಿಲ್ಲುತ್ತೆ. ಖರ್ಚು ಸೊನ್ನೆ. ಪೈಪಿನ ಮೇಲೆ ಎಣ್ಣೆಯ ಅತಿ ತೆಳು ಪದರ ಇರೋದು ಸಹಜ. ಉಂಗುರ ಕಟ್ಟಿ ಕೆಳಗಿಳಿದರೆ ಮಾತ್ರ ಅದು ಲೀಕು.

ಎರಡನೆಯ ಮದ್ದು ಕೆಲವು ಶೋರೂಮುಗಳ ಸರ್ವಿಸ್ ಕೌಂಟರಿನದು: "ಸೀಲ್ ಬಿಡಿಯಾಗಿ ಹಾಕಲ್ಲ ಸಾರ್, ಅಸೆಂಬ್ಲಿ ಬದಲಿಸಬೇಕು." ನೂರಿನ್ನೂರರ ರಬ್ಬರಿಗೆ ಸಾವಿರಗಟ್ಟಲೆ ಬಿಲ್ಲು. ಇದನ್ನು ನಾನು ತಾಂತ್ರಿಕ ಸಲಹೆ ಅಂತ ಒಪ್ಪಲ್ಲ. ಬಿಚ್ಚಿ ಸರಿಮಾಡೋ ಶ್ರಮ ತಪ್ಪಿಸಿಕೊಳ್ಳುವ ದಾರಿ ಅದು. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಚೌಕಟ್ಟಿಗಾಗಿ ಸಮಿತಿ ಮಾಡಿತು. ಅದು ಆರಿಸಿಕೊಂಡ ನಾಲ್ಕು ವಲಯಗಳಲ್ಲಿ ವಾಹನವೂ ಒಂದು. ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಪೋರ್ಟಲ್ಲೂ ಬಂತು. ಒಳ್ಳೆ ಹೆಜ್ಜೆ. ಆದರೆ ಆ ಹಕ್ಕಿಗೆ ಅರ್ಥ ಬರೋದು ಹೊಸದುರ್ಗದ ಗ್ಯಾರೇಜಿನವನಿಗೆ ಎಣ್ಣೆಯ ಅಳತೆಯ ಪುಟ ಸುಲಭವಾಗಿ, ಓದಲು ಬರುವ ಭಾಷೆಯಲ್ಲಿ ಸಿಕ್ಕಾಗ.

ಮೂರನೆಯದು ನಮ್ಮ ವಯಸ್ಸಿನವರ ನೆಚ್ಚಿನದು: ಅಪ್‌ಗ್ರೇಡ್. "ಹೇಗೂ ಲೀಕ್ ಆಗಿದೆ, ಯುಎಸ್‌ಡಿ ಹಾಕ್ಸಿಬಿಡೋಣ." ಯುಎಸ್‌ಡಿ ಅಂದರೆ ಅದೇ ಫೋರ್ಕ್ ತಲೆಕೆಳಗಾಗಿ. ದಪ್ಪ ಕೊಳವೆ ಮೇಲೆ, ಹೊಳೆಯುವ ತೆಳು ಕೊಳವೆ ಕೆಳಗೆ. ಲಾಭ ಇಲ್ಲ ಅಂತಲ್ಲ. ದಪ್ಪ ಭಾಗವೇ ಹ್ಯಾಂಡಲ್ ಕೆಳಗೆ ಕಚ್ಚಿಕೊಂಡಿರುವುದರಿಂದ ಜೋರು ಬ್ರೇಕಿನಲ್ಲಿ ಫೋರ್ಕ್ ಬಾಗೋದು ಕಮ್ಮಿ. 2012ರಲ್ಲಿ ಕೆಟಿಎಂ 200 ಡ್ಯೂಕ್ 43 ಮಿಲಿಮೀಟರಿನ ಯುಎಸ್‌ಡಿ ಜೊತೆ ಇಲ್ಲಿಗೆ ಬಂದಾಗ ತಿರುವಿನಲ್ಲಿ ಆ ಬಿಗಿ ಗೊತ್ತಾಗ್ತಿತ್ತು. ಆ ಬೈಕಿನ ಫ್ರೇಮು, ಟೈರು, ಬ್ರೇಕು ಎಲ್ಲ ಅದಕ್ಕೆ ಹೊಂದಿಸಿದ್ದವು.

ಆದರೆ ನಮ್ಮ ಧೂಳಿನ ಕಣ್ಣಲ್ಲಿ ನೋಡಿ. ಯುಎಸ್‌ಡಿಯಲ್ಲಿ ಕ್ರೋಮ್ ಪೈಪು ಚಕ್ರದ ಪಕ್ಕದಲ್ಲೇ ಇರುತ್ತೆ, ಕಲ್ಲು ಸಿಡಿದರೆ ಮೊದಲು ತಾಗೋದು ಅದಕ್ಕೆ. ಸೀಲು ಕೊಳವೆಯ ಕೆಳಬಾಯಲ್ಲಿ ಇರುತ್ತೆ. ಹೋದರೆ ಎಣ್ಣೆ ತಡೆಯಿಲ್ಲದೆ ಕೆಳಗೆ, ನೇರ ಕ್ಯಾಲಿಪರಿನ ದಿಕ್ಕಿಗೆ. ಬಿಚ್ಚೋಕೆ ಬೇಕಾದ ಸಲಕರಣೆಯೂ ಹೆಚ್ಚು. ಅಂದರೆ ಲೀಕನ್ನು ತಪ್ಪಿಸಿಕೊಳ್ಳೋಕೆ, ಲೀಕಾದರೆ ಇನ್ನೂ ಕಷ್ಟ ಕೊಡುವ ಸಾಮಾನಿಗೆ ಹತ್ತಾರು ಸಾವಿರ ಸುರಿಯುತ್ತಿದ್ದೇವೆ. ಬೇರೆ ಬೈಕಿನ ಫೋರ್ಕನ್ನು ಕೂರಿಸಿದರೆ ಉದ್ದ ಬದಲಾಗಿ ಹ್ಯಾಂಡಲ್ ಗುಣವೇ ಬದಲಾಗುತ್ತೆ. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಅದರ ಮೇಲೆ 2019ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪು, ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾದ ಬದಲಾವಣೆಯನ್ನು ಒಪ್ಪುವುದಿಲ್ಲ. ನಾಳೆ ಅಪಘಾತವಾದರೆ ವಿಮೆಯವರು ಕೇಳೋ ಮೊದಲ ಪ್ರಶ್ನೆಗಳಲ್ಲಿ ಇದೂ ಇರಬಹುದು.

ಹಳೇ ಜಾವಾ, ಬುಲೆಟ್‌ಗಳಲ್ಲಿ ಪೈಪಿನ ಮೇಲ್ಭಾಗಕ್ಕೆ ತಗಡಿನ ಕವಚ ಇರ್ತಿತ್ತು. ಮೈಸೂರಿನ ಐಡಿಯಲ್ ಜಾವಾದಿಂದ ಹೊರಬಂದ ಬೈಕುಗಳು ಓಡಿದ್ದು ಇಂಥದೇ ಮಣ್ಣುದಾರಿಗಳಲ್ಲಿ. 2016ರ ಹಿಮಾಲಯನ್ 411ರಲ್ಲಿ 200 ಮಿಲಿಮೀಟರ್ ಓಟದ ಮಾಮೂಲಿ ಫೋರ್ಕಿಗೆ ರಬ್ಬರ್ ಗೇಟರ್ ತೊಡಿಸಿದ್ದರು. ನೋಡೋಕೆ ಅಕಾರ್ಡಿಯನ್ ಥರ. ಅದನ್ನು "ಹಳೇ ಕಾಲದ ಲುಕ್" ಅಂತ ಕಿತ್ತು ಬಿಸಾಡಿದವರು ಉಂಟು. ಚಿತ್ರದುರ್ಗದ ಮಟ್ಟಿಗೆ ಅಪ್‌ಗ್ರೇಡ್ ಅನ್ನೋ ಪದಕ್ಕೆ ಲಾಯಕ್ಕಾದ ವಸ್ತು ಒಂದಿದ್ದರೆ ಅದು ಆ ರಬ್ಬರ್ ಚೀಲ. ಅದರ ನಂತರ, ನಿಮ್ಮ ತೂಕಕ್ಕೆ ಸರಿಹೊಂದುವ ಸ್ಪ್ರಿಂಗು. ಎರಡೂ ಹೊರಗಿನಿಂದ ಮಿಂಚಲ್ಲ, ಫೋಟೋದಲ್ಲಿ ಕಾಣಲ್ಲ. ಬಹುಶಃ ಅದಕ್ಕೇ ಯಾರೂ ಮಾತಾಡಲ್ಲ.

ಬೆಂಗಳೂರಿನಲ್ಲಿ ಕೂತ ನಮಗೆ ಇದು ಶೋಕಿಯ ಪ್ರಶ್ನೆ ಇರಬಹುದು. ಹೊಳಲ್ಕೆರೆಯಲ್ಲಿ ಬೆಳಗ್ಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಡೈರಿಗೆ ಹೋಗೋನಿಗೆ, ಅಡಿಕೆ ಮಂಡಿಗೆ ಓಡಾಡೋನಿಗೆ ಅದೇ ಫೋರ್ಕು ಹೊಟ್ಟೆಪಾಡು. ಆದರೆ ಯಾವ ಬೈಕಿಗೆ ಯಾವ ಫೋರ್ಕ್ ಬರಬೇಕು ಅನ್ನೋದನ್ನು ತೀರ್ಮಾನಿಸೋದು ನಮ್ಮ ಶೋಕಿಯೇ. ನಾವು ಯುಎಸ್‌ಡಿ ಕೇಳಿದೆವು, ಕಂಪನಿಗಳು ಚಿಕ್ಕ ಬೈಕುಗಳಿಗೂ ಕೊಡೋಕೆ ಶುರುಮಾಡಿದವು. ಅದರ ಖರ್ಚು ಎಲ್ಲರ ತಲೆ ಮೇಲೂ ಬೀಳುತ್ತೆ.

ಹಾಗಾಗಿ ಮುಂದಿನ ಸಲ ಬೈಕ್ ನೋಡೋಕೆ ಹೋದಾಗ ಫೋರ್ಕಿನ ಬಣ್ಣ ನೋಡಿ ಸುಮ್ಮನಾಗಬೇಡಿ. ಆಯಿಲ್ ಸೀಲ್ ಬಿಡಿಯಾಗಿ ಸಿಗುತ್ತಾ, ಪೈಪು ಒಂದೇ ಕೊಳ್ಳಬಹುದಾ, ಎಣ್ಣೆಯ ಅಳತೆ ಎಲ್ಲಿ ಬರೆದಿದೆ, ಗೇಟರ್ ಇದೆಯಾ ಅಂತ ಕೇಳಿ. ಸೇಲ್ಸ್‌ನವರು ತಬ್ಬಿಬ್ಬಾಗಬಹುದು, ಆಗಲಿ. ಹೊಸದುರ್ಗದಲ್ಲಿ ಸಂಜೆ ಆರಕ್ಕೆ ಸೀಲ್ ಹೋದರೆ ಮರುದಿನ ಮಧ್ಯಾಹ್ನದೊಳಗೆ ರಿಪೇರಿಯಾಗಿ ಹೊರಡುವಂತಿದ್ದರೆ ಮಾತ್ರ ಆ ಫೋರ್ಕ್ ಒಳ್ಳೆಯದು.