ಬುಟ್ಟಿ ಹೆಣೆದ ತಾಯಿ, ಸಭೆಗೆ ಹೋದ ಮಗಳು



ಊರ್ಮಿಳಾ ಪವಾರ್ ಅವರ ಆತ್ಮಕಥೆ 'ಆಯದಾನ್' ಬಗ್ಗೆ ಬರೆಯುತ್ತೇವೆ ಎಂದು ಹೇಳಿ ಎರಡು ತಿಂಗಳಾಯಿತು. ತಡವಾದದ್ದಕ್ಕೆ ಹಿಮವನ್ನು ದೂರಬಹುದು, ಆದರೆ ನಿಜವಾದ ಕಾರಣ ಬೇರೆ. ಪುಸ್ತಕದ ಚರ್ಚೆ ಮುಗಿಯುವ ಹೊತ್ತಿಗೆ ಅದು ನಮ್ಮ ಬಳಗದ ಚರ್ಚೆಯಾಗಿಬಿಟ್ಟಿತ್ತು. ಅದನ್ನೂ ಸೇರಿಸಿಯೇ ಬರೆಯಬೇಕೋ ಬೇಡವೋ ಎಂದು ನಮ್ಮನಮ್ಮಲ್ಲೇ ಹಗ್ಗಜಗ್ಗಾಟ ನಡೆಯಿತು. ಕೊನೆಗೆ ಸೇರಿಸಿಯೇ ಬರೆಯುತ್ತಿದ್ದೇವೆ.

ಕನ್ನಡ ಓದಿ ಬೆಳೆದ ನಮಗೆ ಬುದ್ಧ ಹೊಸಬನಲ್ಲ. ಶಾಲೆಯ ಪಾಠದಲ್ಲಿ ಸಾಸಿವೆಗಾಗಿ ಮನೆಮನೆ ಅಲೆದ ಕಿಸಾಗೋತಮಿ ಇದ್ದಳು. ಮಾಸ್ತಿಯವರ 'ಯಶೋಧರಾ' ಇತ್ತು. ಜಿ.ಪಿ. ರಾಜರತ್ನಂ ಅವರು ಕನ್ನಡಕ್ಕೆ ತಂದ ಬೌದ್ಧ ಸಾಹಿತ್ಯ ಅಪ್ಪನ ಕಪಾಟಿನಲ್ಲಿ ಇದ್ದೇ ಇರುತ್ತಿತ್ತು. ಈಗ ಯೋಚಿಸಿದರೆ, ಆ ಕಥೆಗಳಲ್ಲಿ ಹೆಣ್ಣಿಗೆ ಬುದ್ಧ ಸಿಗುವುದು ಅವಳು ಏನನ್ನಾದರೂ ಕಳೆದುಕೊಂಡ ಮೇಲೆಯೇ. ಒಬ್ಬಳಿಗೆ ಮಗ ಹೋದ, ಇನ್ನೊಬ್ಬಳಿಗೆ ಗಂಡ ಹೋದ. 'ಆಯದಾನ್'ನ ಹುಡುಗಿಗೆ ಬುದ್ಧ ಸಿಕ್ಕಿದ್ದು ಹನ್ನೊಂದು-ಹನ್ನೆರಡರ ವಯಸ್ಸಿನಲ್ಲಿ, ಒಂದು ದೊಡ್ಡ ಜನಸಂದಣಿಯ ಜೊತೆ. ಆಮೇಲೆ ಅವಳ ಬದುಕಿನಲ್ಲಿ ಬುದ್ಧನೂ ಆ ಜನರೂ ಬೇರೆಬೇರೆಯಾಗಿ ಬರುವುದೇ ಇಲ್ಲ. ಈ ಪುಸ್ತಕದ ಬಗ್ಗೆ ನಮಗೆ ಮುಖ್ಯವೆನಿಸಿದ ಮಾತು ಇದೇ.

ಮರಾಠಿ ಮೂಲ ಬಂದದ್ದು 2003ರಲ್ಲಿ. ನಾವು ಓದಿದ್ದು ಮಾಯಾ ಪಂಡಿತ್ ಅವರ ಇಂಗ್ಲಿಷ್ ಅನುವಾದ, 2008ರದು. ಲೇಖಕಿ ಹುಟ್ಟಿದ್ದು 1945ರಲ್ಲಿ, ಕೊಂಕಣದ ರತ್ನಾಗಿರಿ ಜಿಲ್ಲೆಯ ಒಂದು ಮಹಾರ್ ಕುಟುಂಬದಲ್ಲಿ. ಆಯದಾನ್ ಅಂದರೆ ಬಿದಿರಿನ ಬುಟ್ಟಿ, ಮೊರ ಮುಂತಾದವು. ನಮ್ಮ ಕಡೆ ಮೇದರು ಮಾಡುವ ಈ ಕೆಲಸವನ್ನು ಕೊಂಕಣದಲ್ಲಿ ಮಹಾರರು ಮಾಡುತ್ತಿದ್ದರು. ಶಿಕ್ಷಕರಾಗಿದ್ದ ತಂದೆ ಮಕ್ಕಳು ಓದಲೇಬೇಕೆಂದು ಹಟ ಹಿಡಿದು, ಬೇಗ ತೀರಿಕೊಂಡರು. ಆಮೇಲೆ ಮನೆ ನಡೆದದ್ದು ತಾಯಿಯ ಬುಟ್ಟಿಗಳಿಂದ. ತಾನು ಬರೆಯುವುದೂ ತಾಯಿ ಹೆಣೆಯುವುದೂ ಒಂದೇ ಹೆಣಿಗೆ ಎನ್ನುವುದು ಲೇಖಕಿಯ ನಂಬಿಕೆ. ಇಂಥ ಹೋಲಿಕೆ ಬೇರೆ ಕಡೆ ಅಲಂಕಾರವಾಗಿ ಕೇಳಿಸುತ್ತಿತ್ತು. ಇಲ್ಲಿ ಹಾಗೆ ಕೇಳಿಸಲಿಲ್ಲ, ಏಕೆಂದರೆ ಆ ಬುಟ್ಟಿಯನ್ನು ಮೇಲ್ಜಾತಿಯವರ ಮನೆಗೆ ಕೊಡಲು ಹೋಗುತ್ತಿದ್ದವಳು ಈ ಹುಡುಗಿಯೇ. ಬುಟ್ಟಿಗೆ ಅವರು ನೀರು ಚಿಮುಕಿಸಿ ಒಳಗೆ ತೆಗೆದುಕೊಳ್ಳುವುದನ್ನು ನೋಡುತ್ತ ಅಂಗಳದಲ್ಲಿ ನಿಂತಿರುತ್ತಿದ್ದವಳೂ ಅವಳೇ.

ಪುಸ್ತಕದ ಮೊದಲ ಭಾಗವೇ ಅತ್ಯುತ್ತಮ ಎಂಬುದರಲ್ಲಿ ನಮಗೆ ಎರಡು ಅಭಿಪ್ರಾಯವಿಲ್ಲ. ತಲೆಯ ಮೇಲೆ ಹೊರೆ ಹೊತ್ತು ಗುಡ್ಡ ಹತ್ತಿಳಿದು ರತ್ನಾಗಿರಿಯ ಪೇಟೆಗೆ ನಡೆಯುವ ಹೆಂಗಸರು, ಇಂಥ ಮೂಲೆಯಲ್ಲಿ ಬಂದು ಊರು ಕಟ್ಟಿದ ಹಿರಿಯನನ್ನು ದಾರಿಯುದ್ದಕ್ಕೂ ಬಯ್ಯುತ್ತ ಹೋಗುತ್ತಾರೆ. ಓದುತ್ತ ನಕ್ಕೆವು. ನಕ್ಕ ಮೇಲೆ ಆ ಹೊರೆಯ ಭಾರ ತಿಳಿಯಿತು. ಶಾಲೆಯಲ್ಲಿ ಸಗಣಿ ತೆಗೆಯಲು ಒಪ್ಪದ ಹುಡುಗಿಗೆ ಮೇಷ್ಟ್ರು ಹೊಡೆಯುತ್ತಾರೆ. ಬುಟ್ಟಿ ಹೆಣೆಯುವ ಆ ವಿಧವೆ ತಾಯಿ ಮೇಷ್ಟ್ರನ್ನು ಎದುರು ನಿಂತು ಕೇಳುತ್ತಾಳೆ. ಆಗಿನ್ನೂ ಆ ಮನೆಗೆ ಬೌದ್ಧ ಧರ್ಮ ಬಂದಿರಲಿಲ್ಲ ಎಂಬುದನ್ನು ಗಮನಿಸಬೇಕು. ಧೈರ್ಯವನ್ನು ಧರ್ಮ ಹೊರಗಿನಿಂದ ತಂದುಕೊಡಲಿಲ್ಲ. ಮನೆಯಲ್ಲೇ ಇದ್ದ ಧೈರ್ಯಕ್ಕೆ ಒಂದು ಹೆಸರನ್ನೂ ಜೊತೆಯನ್ನೂ ಕೊಟ್ಟಿತು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಲಕ್ಷಾಂತರ ಜನರೊಂದಿಗೆ ಬೌದ್ಧರಾದರು. ಎರಡು ತಿಂಗಳೊಳಗೆ, ಡಿಸೆಂಬರ್ 6ರಂದು, ತೀರಿಕೊಂಡರು. ದೀಕ್ಷೆಯ ಅಲೆ ಹಳ್ಳಿಹಳ್ಳಿಗೆ ಹರಡುವಾಗ ದಾರಿ ತೋರಿಸಿದವರೇ ಇರಲಿಲ್ಲ. ಹಾಗಾಗಿ ಬೌದ್ಧರಾಗುವುದು ಹೇಗೆಂಬುದನ್ನು ಜನ ತಾವೇ ಕೂಡಿ ಕಲಿಯಬೇಕಾಯಿತು. ಮನೆಯ ದೇವರುಗಳನ್ನು ಬಿಡಬೇಕು, ಸರಿ. ಮದುವೆ ಹೇಗೆ? ನಾಮಕರಣ ಹೇಗೆ? ಸತ್ತಾಗ ಏನು ಮಾಡುವುದು? ಬುದ್ಧ ಮತ್ತು ಬಾಬಾಸಾಹೇಬರ ಚಿತ್ರಗಳ ಮುಂದೆ ನಿಂತು ತ್ರಿಶರಣ, ಪಂಚಶೀಲ ಹೇಳಿ ನಡೆಸುವ ಮದುವೆಯನ್ನು ಆ ತಲೆಮಾರು ಸಭೆ ಸೇರಿ ರೂಢಿಗೆ ತಂದಿತು. ಇಲ್ಲಿ ಧ್ಯಾನಕ್ಕಿಂತ ಸಭೆ ಮುಖ್ಯ. ಏಕಾಂತಕ್ಕಿಂತ ಮೆರವಣಿಗೆ, ಹಾಡು, ಜಯಂತಿಯ ಪೆಂಡಾಲು ಮುಖ್ಯ. ಈ ದೇಶದಲ್ಲಿ ನಮ್ಮ ಸಹೋದ್ಯೋಗಿಗಳು ವಾರಾಂತ್ಯಕ್ಕೆ ಮೌನ ಶಿಬಿರಕ್ಕೆ ಹೋಗಿ 'ಬುದ್ಧಿಸಂ' ಕಲಿತು ಬರುತ್ತಾರಲ್ಲ, ಅವರಿಗೆ ಈ ಗದ್ದಲದ ಬೌದ್ಧ ಧರ್ಮ ಗುರುತೇ ಸಿಗಲಿಕ್ಕಿಲ್ಲ.

ಒಬ್ಬ ಹುಡುಗಿಗೆ ಇದರಿಂದ ಏನು ಸಿಕ್ಕಿತು? ಅವಳ ಮೈಗೆ ಅಂಟಿಸಿದ್ದ ಕೊಳೆ ಎಂಬ ಮಾತು ಸುಳ್ಳು ಎಂದು ಅವಳೊಬ್ಬಳಿಗೇ ಅಲ್ಲ, ಸುತ್ತಲಿನವರೆಲ್ಲರಿಗೂ ಒಟ್ಟಿಗೇ ಗೊತ್ತಾಯಿತು. ಇದು ತೀರ ಹಳೆಯ ಬೌದ್ಧ ವಿಷಯ. ಥೇರೀಗಾಥೆಯಲ್ಲಿ ಪುಣ್ಣಿಕಾ ಎಂಬ ನೀರು ಹೊರುವ ದಾಸಿ ಬರುತ್ತಾಳೆ. ಚಳಿಯಲ್ಲಿ ನಡುಗುತ್ತ ಹೊಳೆಯಲ್ಲಿ ಮುಳುಗಿ ಪಾಪ ತೊಳೆದುಕೊಳ್ಳುತ್ತಿದ್ದ ಬ್ರಾಹ್ಮಣನನ್ನು ಆಕೆ, ಹಾಗಾದರೆ ಕಪ್ಪೆ ಆಮೆಗಳೆಲ್ಲ ಸ್ವರ್ಗಕ್ಕೆ ಹೋಗಬೇಕಲ್ಲವೇ ಎಂದು ವಿಚಾರಿಸಿಕೊಳ್ಳುತ್ತಾಳೆ. ವಚನ ಓದಿದವರಿಗೆ ಈ ಧಾಟಿ ಪರಿಚಯದ್ದೇ. ಬುಟ್ಟಿಗೆ ನೀರು ಚಿಮುಕಿಸಿದ ಮನೆಗಳ ನೆನಪನ್ನು ಇದರ ಪಕ್ಕದಲ್ಲಿ ಇಟ್ಟು ಓದಿದಾಗ, ಎರಡು ಸಾವಿರ ವರ್ಷಗಳ ಆಚೆಯ ಪುಣ್ಣಿಕಾ ರತ್ನಾಗಿರಿಯ ಹುಡುಗಿಗೆ ಅಕ್ಕನಂತೆ ಕಂಡಳು. ಈ ಹೋಲಿಕೆ ನಮ್ಮದು, ಲೇಖಕಿಯದಲ್ಲ.

ಕೊಟ್ಟ ಸಮುದಾಯವೇ ಹಿಡಿದುಕೊಳ್ಳುವುದೂ ಉಂಟು. ಮದುವೆಯಾಗಿ ಮುಂಬಯಿಗೆ ಬಂದು, ಸರ್ಕಾರಿ ಕೆಲಸ ಮಾಡುತ್ತ, ಮಕ್ಕಳಾದ ಮೇಲೆ ಎಂ.ಎ. ಓದಲು ಹೊರಟಾಗ ಗಂಡನಿಗೆ ಮುನಿಸು. ಸಭೆಗಳಲ್ಲಿ ಸಮಾನತೆಯ ಮಾತಾಡುವವರೂ ಮನೆಯಲ್ಲಿ ಹೆಂಡತಿ ಹೊತ್ತಿಗೆ ಸರಿಯಾಗಿ ಊಟ ಬಡಿಸಬೇಕೆನ್ನುವವರೇ. ಸ್ತ್ರೀವಾದಿ ಗೆಳತಿಯರ ನಡುವೆ ಜಾತಿಯ ಮಾತು ಮುಜುಗರ ತರುತ್ತದೆ, ಚಳವಳಿಯ ಗೆಳೆಯರ ನಡುವೆ ಹೆಣ್ಣಿನ ಮಾತು. ಹಾಗಂತ ಪವಾರ್ ಯಾವುದನ್ನೂ ಬಿಟ್ಟು ಹೋಗುವುದಿಲ್ಲ. ಮೀನಾಕ್ಷಿ ಮೂನ್ ಅವರ ಜೊತೆ ಸೇರಿ, ಅಂಬೇಡ್ಕರ್ ಚಳವಳಿಯಲ್ಲಿದ್ದ ಮುದುಕಿಯರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿ, 1989ರಲ್ಲಿ ಅವರ ಇತಿಹಾಸವನ್ನೇ ಪುಸ್ತಕ ಮಾಡುತ್ತಾರೆ. ನಾವೂ ಇತಿಹಾಸ ಕಟ್ಟಿದೆವು ಎಂಬುದೇ ಅದರ ಶೀರ್ಷಿಕೆಯ ಅರ್ಥ. ಸಮುದಾಯದೊಂದಿಗೆ ಜಗಳವಾಡಲು ಸಮುದಾಯದ ಅಜ್ಜಿಯರನ್ನೇ ಸಾಕ್ಷಿಗೆ ಕರೆದ ಈ ಉಪಾಯ ನಮಗೆ ಬಹಳ ಹಿಡಿಸಿತು.

ದೋಷಗಳಿಲ್ಲವೇ? ಇವೆ. ಮುಂಬಯಿಯ ಅಧ್ಯಾಯಗಳಲ್ಲಿ ಸಂಘಟನೆ, ಸಮ್ಮೇಳನ, ಭಾಷಣಗಳ ಹೆಸರುಗಳು ಸಾಲುಸಾಲಾಗಿ ಬರುತ್ತವೆ. ಕೊಂಕಣದ ಮೀನಿನ ವಾಸನೆ, ಬಯ್ಗುಳ, ಹಸಿವು ಎಲ್ಲವೂ ಇದ್ದ ಗದ್ಯ ಇಲ್ಲಿ ವರದಿಯ ಹಾಗೆ ಒಣಗುತ್ತದೆ. ನಮ್ಮಲ್ಲಿ ಅರ್ಧ ಜನ ಈ ಭಾಗವನ್ನು ಹಾರಿಸಿ ಓದಿದ್ದಾಗಿ ಒಪ್ಪಿಕೊಂಡರು. ಆ ಪಟ್ಟಿಗಳೇ ಅವಳ ಬದುಕು, ನಮಗೆ ಬೇಕಾದದ್ದು ಬರೀ ಅವಳ ನೋವು ಎಂದು ಇನ್ನರ್ಧ ಜನ ತಿರುಗಿಬಿದ್ದರು. ಅದರಲ್ಲಿ ಸತ್ಯವಿದೆ. ಆದರೂ ಗದ್ಯ ಸೊರಗಿದ್ದು ಸೊರಗಿದ್ದೇ. ಮಗನ ಸಾವಿನ ಪುಟಗಳಲ್ಲಿ ಮಾತ್ರ ಹಳೆಯ ಕಸುವು ಮರಳುತ್ತದೆ. ನಮ್ಮ ಮನಸ್ಸು ಅಲ್ಲಿಯೂ ಸಾಸಿವೆಯ ಕಥೆಯನ್ನೇ ಹುಡುಕಿತು, ಅಭ್ಯಾಸ ಬಲ. ಲೇಖಕಿ ಆ ದುಃಖವನ್ನು ಯಾರಿಗೂ ಪಾಠವಾಗಿ ಕೊಡುವುದಿಲ್ಲ.

ಇನ್ನು ನಮ್ಮ ವಿಷಯ. 'ಆಯದಾನ್'ಗೆ ಮಹಾರಾಷ್ಟ್ರ ಸಾಹಿತ್ಯ ಪರಿಷತ್ತು ಲಕ್ಷ್ಮೀಬಾಯಿ ಟಿಳಕ್ ಹೆಸರಿನ ಪ್ರಶಸ್ತಿ ಘೋಷಿಸಿತ್ತು. ಸಮಾರಂಭ ಸರಸ್ವತಿ ಪ್ರಾರ್ಥನೆಯಿಂದ ಶುರುವಾಗುತ್ತದೆ, ಒಂದೇ ಧರ್ಮದ ಸಂಕೇತಗಳನ್ನು ಇಡೀ ಮರಾಠಿ ಸಾಹಿತ್ಯದ ಮೇಲೆ ಹೇರುವುದು ಸರಿಯಲ್ಲ ಎಂದು ಪತ್ರ ಬರೆದು ಪವಾರ್ ಪ್ರಶಸ್ತಿಯನ್ನು ನಿರಾಕರಿಸಿದರು. ಲಕ್ಷ್ಮೀಬಾಯಿ ಟಿಳಕ್ ಕೂಡ ಮತಾಂತರವಾದವರೇ, ಗಂಡನ ನಂತರ ಕ್ರೈಸ್ತರಾದವರು, 'ಸ್ಮೃತಿಚಿತ್ರೆ' ಎಂಬ ಸೊಗಸಾದ ಆತ್ಮಕಥೆ ಬರೆದವರು. ಅವರ ಹೆಸರಿನ ಪ್ರಶಸ್ತಿಯ ವಿಷಯದಲ್ಲೇ ಈ ಪ್ರಶ್ನೆ ಏಳಬೇಕಾಯಿತೇ ಎಂದು ಅನ್ನಿಸಿತು.

ಪ್ರಶಸ್ತಿ ಬಿಟ್ಟದ್ದು ಅತಿಯಾಯಿತು, ಸರಸ್ವತಿ ಅಂದರೆ ವಿದ್ಯೆಯ ಸಂಕೇತ ಅಷ್ಟೇ, ಅದರಲ್ಲಿ ಧರ್ಮ ಎಲ್ಲಿ ಬಂತು ಎಂದು ನಮ್ಮಲ್ಲಿ ಹಲವರು ವಾದಿಸಿದೆವು. ಆಗ, ಅಷ್ಟು ಹೊತ್ತೂ ಸುಮ್ಮನಿದ್ದ ಸದಸ್ಯೆಯೊಬ್ಬರು ಬಾಯಿ ತೆರೆದರು. ಕಲಬುರಗಿ ಕಡೆಯವರು, ಅಪ್ಪ-ಅಮ್ಮನ ಕಾಲದಿಂದ ಬೌದ್ಧರು. "ಎಂಟು ವರ್ಷದಿಂದ ಬರ್ಲಿಕತ್ತೀನ್ರಿ. ಪ್ರತಿ ಕೂಟಕ್ಕೂ ಹತ್ತು ನಿಮಿಷ ತಡ. ಪಾರ್ಕಿಂಗ್ ಸಿಗಲಿಲ್ಲ ಅಂತಿದ್ದೆ. ಯಾರೂ ಒಮ್ಮೆನೂ ಕೇಳಲಿಲ್ಲ ನೋಡ್ರಿ" ಅಂದರು. ನಮ್ಮ ಕೂಟಗಳು ಪ್ರಾರ್ಥನೆಯಿಂದ ಶುರುವಾಗುತ್ತವೆ. ಅದಕ್ಕೆ ಹಿಡಿಯುವುದು ಹತ್ತು ನಿಮಿಷ. ಅವರ ತಡದ ಬಗ್ಗೆ ನಾವು ತಮಾಷೆ ಮಾಡಿದ್ದುಂಟು, ಇದೇ ಪತ್ರಿಕೆಯಲ್ಲಿ ಒಮ್ಮೆ ನಗೆಬರಹದಲ್ಲೂ ಅದು ಬಂದಿತ್ತು.

ಪ್ರಾರ್ಥನೆ ಬಿಡಬೇಕೆಂದು ತಾನು ಕೇಳುತ್ತಿಲ್ಲ, ಪುಸ್ತಕದ ಆ ಪುಟ ಅತಿಯೆಂದು ಹೇಳಬೇಡಿ ಎಂದಷ್ಟೇ ಕೇಳುತ್ತಿದ್ದೇನೆ ಎಂದೂ ಅವರು ಸೇರಿಸಿದರು. ಚಹಾ ಆರಿಹೋಗಿತ್ತು. ಆಮೇಲೆ ನಡೆದ ಮಾತಿನಲ್ಲಿ ಎಲ್ಲರೂ ಒಪ್ಪಿದರೆಂದು ಬರೆದರೆ ಸುಳ್ಳಾಗುತ್ತದೆ. ಪ್ರಾರ್ಥನೆ ನಮ್ಮ ಮಕ್ಕಳು ಕನ್ನಡದಲ್ಲಿ ಹಾಡುವ ಒಂದೇ ಹಾಡು, ಅದನ್ನೂ ಕಳೆದುಕೊಳ್ಳಬೇಕೇ ಎಂದು ಹಿರಿಯರೊಬ್ಬರು ನಿಜವಾದ ನೋವಿನಿಂದಲೇ ಕೇಳಿದರು. ಮಕ್ಕಳಿಗೆ ಬೇರೆ ಹಾಡು ಕಲಿಸಲು ನಮಗೆ ಬರುವುದಿಲ್ಲವೇ ಎಂಬ ಪ್ರಶ್ನೆಯೂ ಬಂತು.

ಮುಂದಿನ ಕೂಟಕ್ಕೆ ಬೇಬಿ ಕಾಂಬಳೆಯವರ 'ಜಿಣಂ ಆಮುಚಂ' ಇಟ್ಟುಕೊಂಡಿದ್ದೇವೆ. ಅದನ್ನೂ ಇಂಗ್ಲಿಷಿಗೆ ತಂದವರು ಮಾಯಾ ಪಂಡಿತ್ ಅವರೇ. ತಾನು ಬರೆಯುವುದನ್ನು ಇಪ್ಪತ್ತು ವರ್ಷ ಗಂಡನಿಗೆ ಕಾಣದಂತೆ ಬಚ್ಚಿಟ್ಟ ಹೆಂಗಸಿನ ಪುಸ್ತಕ. ಪವಾರ್ ಅವರಿಗಿಂತ ಒರಟು, ಕೆಲವರ ಪ್ರಕಾರ ಅವರಿಗಿಂತ ದೊಡ್ಡದು. ಪ್ರಾರ್ಥನೆಯ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಕಲಬುರಗಿಯ ಗೆಳತಿ ಮಾತ್ರ, ಈ ಸಲ ಸಮಯಕ್ಕೆ ಸರಿಯಾಗಿ ಬಂದು ಹೊರಗೆ ಕಾರಿನಲ್ಲೇ ಕೂತಿರುತ್ತೇನೆ, ಮುಗಿದ ಮೇಲೆ ಕರೆಯಿರಿ ಎಂದಿದ್ದಾರೆ. ಕರೆಯಲು ಹೋಗುವವರು ಯಾರೆಂಬುದನ್ನಾದರೂ ಅಷ್ಟರೊಳಗೆ ಗೊತ್ತುಮಾಡಿಕೊಳ್ಳಬೇಕಿದೆ.