ಮೊದಲ ಪುಟದಲ್ಲಿ ರೆಂಡಿಟ್ಟ ಇರಲಿ

ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಘಟಕ ಹಾಕಲು ಹೊರಟವರು ಬ್ಯಾಂಕಿಗೆ ಒಯ್ಯುವ ಪ್ರಾಜೆಕ್ಟ್ ರಿಪೋರ್ಟ್‌ಗೆ ಒಂದು ಸಿದ್ಧ ಅಚ್ಚು ಇದೆ. ಅದರ ಮೊದಲ ಪುಟಕ್ಕೆ ‘ಎಕ್ಸಿಕ್ಯುಟಿವ್ ಸಮ್ಮರಿ’ ಎಂಬ ತಲೆಬರಹ. ಭಾರತದ ರೇಷ್ಮೆ ಪರಂಪರೆಯಿಂದ ಪುಟ ಶುರುವಾಗುತ್ತದೆ. ರೇಷ್ಮೆ ಉತ್ಪಾದನೆಯಲ್ಲಿ ಕರ್ನಾಟಕವೇ ಮುಂದು, ಶಿಡ್ಲಘಟ್ಟದ ಗೂಡು ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲೊಂದು ಎಂಬ ಮಾತುಗಳು ಬರುತ್ತವೆ. ಘಟಕ ತಾಂತ್ರಿಕವಾಗಿಯೂ ಆರ್ಥಿಕವಾಗಿಯೂ ಗೆಲ್ಲುತ್ತದೆ ಎಂಬ ತೀರ್ಮಾನದೊಂದಿಗೆ ಪುಟ ಮುಗಿಯುತ್ತದೆ. ಇದರಲ್ಲಿ ಸುಳ್ಳೇನೂ ಇರಲಿಕ್ಕಿಲ್ಲ. ಆದರೆ ಸಾಲ ಕೊಡಬೇಕೋ ಬೇಡವೋ ಎಂದು ನಿರ್ಧರಿಸಬೇಕಾದವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಹೆಸರು ಬದಲಿಸಿದರೆ ಇದೇ ಪುಟ ಯಾವ ರೀಲರ್‌ಗಾದರೂ ಸಲ್ಲುತ್ತದೆ. ಅದೇ ಅದರ ದೊಡ್ಡ ದೋಷ.

ಸಾರಾಂಶವನ್ನು ಓದುವವರಿಗೆ ಸಮಯ ಕಡಿಮೆ, ಹೊಣೆ ಹೆಚ್ಚು. ಶಾಖೆಯ ಮ್ಯಾನೇಜರ್ ಮೇಜಿನ ಮೇಲೆ ಬೇರೆ ಅರ್ಜಿಗಳೂ ಇರುತ್ತವೆ. ಅವರಿಗೆ ಬೇಕಾದದ್ದು ನಾಲ್ಕೇ ಉತ್ತರ: ಎಷ್ಟು ಹಣ ಬೇಕು, ಯಾವುದಕ್ಕೆ ಬೇಕು, ಯಾವ ಆದಾಯದಿಂದ ತೀರುತ್ತದೆ, ಯಾವ ಸಂದರ್ಭದಲ್ಲಿ ತೀರದೆ ಹೋಗಬಹುದು. ಮೊದಲ ಮೂರಕ್ಕೆ ಉತ್ತರ ವರದಿಯ ಕೋಷ್ಟಕಗಳಲ್ಲಿ ಎಲ್ಲಾದರೂ ಸಿಗುತ್ತದೆ. ನಾಲ್ಕನೆಯದಕ್ಕೆ ಸಿಗುವುದಿಲ್ಲ. ಒಂದು ಸಾರಾಂಶದ ಯೋಗ್ಯತೆಯನ್ನು ನಾನು ಅಳೆಯುವುದು ಈ ನಾಲ್ಕನೆಯ ಉತ್ತರದಿಂದಲೇ.

ರೀಲಿಂಗ್‌ನಲ್ಲಿ ಆ ಉತ್ತರ ಇರುವುದು ರೆಂಡಿಟ್ಟದಲ್ಲಿ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಹಿಡಿಯುತ್ತದೆ ಎಂಬ ಲೆಕ್ಕ ಅದು. ಊರಿನ ಪ್ರತಿ ರೀಲರ್‌ಗೂ ಇದು ಬಾಯಿಪಾಠ. ಮಾರುಕಟ್ಟೆಯಲ್ಲಿ ಲಾಟ್ ಮುಂದೆ ನಿಂತು ಗೂಡನ್ನು ಕೈಯಲ್ಲಿ ಹಿಡಿದು ನೋಡುವಾಗ ಮನಸ್ಸಿನಲ್ಲಿ ಓಡುವುದು ಇದೇ ಲೆಕ್ಕ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಘಟಕವೊಂದು ದಿನಕ್ಕೆ 100 ಕಿಲೋ ಗೂಡಿನಿಂದ ನೂಲು ತೆಗೆಯುತ್ತದೆ ಎಂದಿಟ್ಟುಕೊಳ್ಳಿ. ಗೂಡು ಕಿಲೋಗೆ 500 ರೂಪಾಯಿ, ನೂಲು ಕಿಲೋಗೆ 4,500 ರೂಪಾಯಿ. ರೆಂಡಿಟ್ಟ 7 ಇದ್ದರೆ ದಿನಕ್ಕೆ 14.3 ಕಿಲೋ ನೂಲು ಬರುತ್ತದೆ. ಮಳೆಗಾಲದಲ್ಲಿ ಗೂಡು ಕಟ್ಟುವಾಗ ತೇವ ಹೆಚ್ಚಾದರೆ ಎಳೆ ಪದೇ ಪದೇ ಕಡಿಯುತ್ತದೆ, ವೇಸ್ಟ್ ಹೆಚ್ಚುತ್ತದೆ. ರೆಂಡಿಟ್ಟ 7.5ಕ್ಕೆ ಏರಿತೆನ್ನಿ, ನೂಲು 13.3 ಕಿಲೋಗೆ ಇಳಿಯುತ್ತದೆ. ಹೆಚ್ಚುಕಡಿಮೆ ಒಂದು ಕಿಲೋ ಕಡಿಮೆ. ದಿನಕ್ಕೆ 4,000 ರೂಪಾಯಿಗೂ ಹೆಚ್ಚು ಖೋತಾ. 25 ದಿನ ಕೆಲಸ ನಡೆದರೆ ತಿಂಗಳಿಗೆ ಒಂದು ಲಕ್ಷ ರೂಪಾಯಿ ದಾಟುತ್ತದೆ. ಕೂಲಿ, ಸೌದೆ, ಕರೆಂಟು ಕಳೆದು ಉಳಿಯಬೇಕಾಗಿದ್ದ ಲಾಭವೆಲ್ಲ ಆ ಅರ್ಧ ಅಂಕಿಯಲ್ಲೇ ಹೋಗುತ್ತದೆ. ಇಷ್ಟು ದೊಡ್ಡ ವಿಷಯಕ್ಕೆ ಸಿದ್ಧ ಅಚ್ಚಿನ ಮೊದಲ ಪುಟದಲ್ಲಿ ಜಾಗವೇ ಇಲ್ಲ. ರೇಷ್ಮೆಯ ಇತಿಹಾಸಕ್ಕೆ ಇದೆ.

ಎರಡನೆಯ ಕೊರತೆ ಹಣ ತಿರುಗುವ ದಿನಗಳದ್ದು. ಗೂಡಿನ ಹಣ ರೈತನಿಗೆ ತಡವಿಲ್ಲದೆ ಸಲ್ಲಬೇಕು. ನೂಲಿನ ಹಣ ಖರೀದಿದಾರ ಕೊಟ್ಟಾಗ ಬರುತ್ತದೆ. ಇದೇ ಉದಾಹರಣೆಯಲ್ಲಿ ಆ ಅಂತರ ಹತ್ತು ದಿನವಾದರೆ ಐದು ಲಕ್ಷ ರೂಪಾಯಿ ಗೂಡಿನಲ್ಲೇ ಸಿಕ್ಕಿಕೊಂಡಿರುತ್ತದೆ. ಯಂತ್ರಕ್ಕೆ ಸಾಲ ಪಡೆದು ದುಡಿಯುವ ಬಂಡವಾಳವನ್ನು ಮರೆತರೆ ಮೊದಲ ತಿಂಗಳಲ್ಲೇ ಕೈಸಾಲಕ್ಕೆ ಓಡಬೇಕಾಗುತ್ತದೆ. ಎಷ್ಟು ದಿನಕ್ಕೆ ಹಣ ತಿರುಗುತ್ತದೆ ಎಂಬ ಒಂದು ವಾಕ್ಯ ಮೊದಲ ಪುಟದಲ್ಲಿದ್ದರೆ ಆ ತಪ್ಪು ಬರೆಯುವ ಹೊತ್ತಿಗೇ ಕಣ್ಣಿಗೆ ಬೀಳುತ್ತದೆ.

ಹಾಗಾದರೆ ಒಳ್ಳೆಯ ಸಾರಾಂಶ ಹೇಗಿರಬೇಕು? ಅದೇ ಲೆಕ್ಕ ಹಿಡಿದು ನಾನಾದರೆ ಹೀಗೆ ಶುರುಮಾಡುತ್ತೇನೆ:

“ಮಲ್ಟಿಎಂಡ್ ಯಂತ್ರಕ್ಕೆ 15 ಲಕ್ಷ ರೂಪಾಯಿ ಟರ್ಮ್ ಲೋನ್, ಗೂಡು ಖರೀದಿ ಮತ್ತು ಕೂಲಿಗೆ 6 ಲಕ್ಷ ರೂಪಾಯಿ ಕ್ಯಾಶ್ ಕ್ರೆಡಿಟ್ (ಸಿಸಿ) ಸಾಲ ಕೇಳುತ್ತಿದ್ದೇವೆ. ದಿನಕ್ಕೆ 100 ಕಿಲೋ ಮಿಶ್ರತಳಿ ಗೂಡಿನಿಂದ ನೂಲು ತೆಗೆಯುತ್ತೇವೆ. ರೆಂಡಿಟ್ಟ 7 ಎಂದು ಹಿಡಿದಿದ್ದೇವೆ. ನೂಲಿನ ಹಣ ಹತ್ತು ದಿನಕ್ಕೆ ಕೈಸೇರುತ್ತದೆ. ರೆಂಡಿಟ್ಟ 7.5 ದಾಟಿದ ತಿಂಗಳು ಕಂತಿಗೆ ಹಣ ಉಳಿಯುವುದಿಲ್ಲ. ಅದಕ್ಕಾಗಿ ಮೂರು ಕಂತಿನಷ್ಟು ಹಣವನ್ನು ಠೇವಣಿ ಇಟ್ಟಿದ್ದೇವೆ.”

ಇಲ್ಲಿ ವಿಶೇಷಣಗಳಿಲ್ಲ. ಪ್ರತಿ ವಾಕ್ಯಕ್ಕೂ ಒಳಗಿನ ಒಂದು ಕೋಷ್ಟಕದ ಆಧಾರ ಇರುತ್ತದೆ. ಮ್ಯಾನೇಜರ್ ಯಾವ ವಾಕ್ಯದ ಮೇಲೆ ಬೆರಳಿಟ್ಟು ಕೇಳಿದರೂ ರೀಲರ್ ಉತ್ತರ ಕೊಡಬಲ್ಲರು. ಇಂಥ ಪುಟ ಕೊನೆಯಲ್ಲಿ ಬರೆಯುವಂಥದ್ದು. ಲೆಕ್ಕವೆಲ್ಲ ಮುಗಿದ ಮೇಲಷ್ಟೇ ಯಾವ ಅಂಕಿ ಮುಖ್ಯ ಎಂಬುದು ಗೊತ್ತಾಗುತ್ತದೆ. ಮೊದಲೇ ಬರೆದಿಟ್ಟ ಸಾರಾಂಶಕ್ಕೂ ಆಮೇಲೆ ತಿದ್ದಿದ ಕೋಷ್ಟಕಕ್ಕೂ ಒಂದೇ ಒಂದು ಅಂಕಿ ತಾಳೆಯಾಗದಿದ್ದರೆ ಇಡೀ ವರದಿಯ ಮೇಲಿನ ನಂಬಿಕೆ ಹೋಗುತ್ತದೆ.

ಅಪಾಯವನ್ನು ನಾವೇ ಮುಂದಿಟ್ಟರೆ ಸಾಲ ಸಿಗುವುದಿಲ್ಲವಲ್ಲ ಎಂಬ ಅಂಜಿಕೆ ಅನೇಕರಿಗಿದೆ. ಆ ಅಂಜಿಕೆಯನ್ನು ಹಗುರವಾಗಿ ಕಾಣಬಾರದು. ಅಡವಿಡಲು ಮನೆಯೊಂದನ್ನು ಬಿಟ್ಟು ಬೇರೇನೂ ಇಲ್ಲದವರ ಅಂಜಿಕೆ ಅದು. ಆದರೆ ಗೂಡಿನ ಬೆಲೆ ಏರಿಳಿಯುತ್ತದೆ ಎಂಬುದು ಶಿಡ್ಲಘಟ್ಟದ ಯಾವ ಬ್ಯಾಂಕಿಗೂ ಹೊಸ ಸುದ್ದಿಯಲ್ಲ. ಆ ಏರಿಳಿತವನ್ನು ಅರ್ಜಿದಾರರು ಲೆಕ್ಕಕ್ಕೆ ಹಿಡಿದಿದ್ದಾರೆಯೇ ಎಂಬುದಷ್ಟೇ ಅವರಿಗೆ ಗೊತ್ತಾಗಬೇಕಾದದ್ದು. ಅಪಾಯವನ್ನೂ ಅದಕ್ಕೆ ಮಾಡಿಕೊಂಡ ಏರ್ಪಾಡನ್ನೂ ಒಟ್ಟಿಗೆ ಹೇಳುವ ಪುಟ, ಎಲ್ಲವೂ ಚೆನ್ನಾಗಿದೆ ಎನ್ನುವ ಪುಟಕ್ಕಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಸಿದ್ಧ ಅಚ್ಚಿಗೂ ಒಂದು ಗುಣವಿದೆ, ಅದನ್ನು ಒಪ್ಪಬೇಕು. ಸಣ್ಣ ಉದ್ಯಮ ಶುರುಮಾಡುವವರಿಗೆ ಸಾಲದ ಜೊತೆ ಸಹಾಯಧನ ಕೊಡುವ ಕೇಂದ್ರ ಸರ್ಕಾರದ ಪಿಎಂಇಜಿಪಿಯಂಥ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ನಗರದಲ್ಲಿ ಶೇ. 15, ಹಳ್ಳಿಯಲ್ಲಿ ಶೇ. 25 ಸಹಾಯಧನ. ವಿಶೇಷ ವರ್ಗಗಳಿಗೆ ಅದು ಶೇ. 25 ಮತ್ತು 35. ಈ ಭಾಗವನ್ನು ವರದಿ ತಯಾರಿಸುವವರು ಸಾಮಾನ್ಯವಾಗಿ ಸರಿಯಾಗಿಯೇ ತುಂಬುತ್ತಾರೆ, ಅರ್ಜಿ ತಾಂತ್ರಿಕ ಕಾರಣಕ್ಕೆ ವಾಪಸ್ ಬರದಂತೆ ನೋಡಿಕೊಳ್ಳುತ್ತಾರೆ. ಆದರೆ ಸಹಾಯಧನ ಎಷ್ಟೆಂಬುದು ಸರ್ಕಾರದ ಲೆಕ್ಕ. ಉದ್ಯಮ ಉಳಿಯುತ್ತದೆಯೇ ಎಂಬುದು ರೀಲರ್‌ನ ಲೆಕ್ಕ. ಮೊದಲ ಪುಟ ಎರಡನೆಯದಕ್ಕೆ ಮೀಸಲಾಗಬೇಕು.

ಇನ್ನೊಂದು ಮಾತು ಭಾಷೆಯದು. ಈ ಪುಟ ಇಂಗ್ಲಿಷಿನಲ್ಲಿರುತ್ತದೆ, ಕೆಳಗೆ ಸಹಿ ಹಾಕುವವರಲ್ಲಿ ಅನೇಕರಿಗೆ ಅದನ್ನು ಓದಲು ಬರುವುದಿಲ್ಲ. ಸಾರಾಂಶ ಜನರ ಭಾಷೆಯಲ್ಲಿರಬೇಕು ಎಂಬುದನ್ನು ಕಾನೂನು ಬೇರೆ ಕಡೆ ಆಗಲೇ ಒಪ್ಪಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ, ಸಾರ್ವಜನಿಕ ಅಹವಾಲು ನಡೆಯುವ ಯೋಜನೆಗಳ ವರದಿಗೆ ಸ್ಥಳೀಯ ಭಾಷೆಯಲ್ಲೂ ಸಾರಾಂಶ ಇರಬೇಕು, ಅದು ಎ4 ಅಳತೆಯ ಹತ್ತು ಪುಟ ಮೀರಬಾರದು. ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್ 1ರಿಂದ ಸಣ್ಣ ಉದ್ಯಮಗಳ ಟರ್ಮ್ ಲೋನ್‌ಗಳಿಗೂ ಮುಖ್ಯಾಂಶಗಳ ಪತ್ರವನ್ನು ಕಡ್ಡಾಯ ಮಾಡಿತು. ಬಡ್ಡಿ, ಶುಲ್ಕಗಳ ವಿವರವಿರುವ ಆ ಪತ್ರ ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕು, ಅದನ್ನು ಅವರಿಗೆ ವಿವರಿಸಬೇಕು. ಬ್ಯಾಂಕು ಸಾಲಗಾರರಿಗೆ ಕೊಡುವ ಸಾರಾಂಶಕ್ಕೆ ಇರುವ ನಿಯಮ, ಸಾಲಗಾರರು ಬ್ಯಾಂಕಿಗೆ ಕೊಡುವ ಸಾರಾಂಶಕ್ಕೂ ಇರುವುದು ನ್ಯಾಯ.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಡ. ಜಿಲ್ಲಾ ಕೈಗಾರಿಕಾ ಕೇಂದ್ರ, ರೇಷ್ಮೆ ಇಲಾಖೆ, ಲೀಡ್ ಬ್ಯಾಂಕ್ ಒಟ್ಟಿಗೆ ಕೂತು ಒಂದು ಪುಟದ ಕನ್ನಡ ನಮೂನೆ ಮಾಡಿದರೆ ಸಾಕು. ಅದರಲ್ಲಿ ರೆಂಡಿಟ್ಟ, ಹಣ ತಿರುಗುವ ದಿನ, ನಷ್ಟ ಶುರುವಾಗುವ ಬೆಲೆ, ಕೆಟ್ಟ ತಿಂಗಳಿಗೆ ಇಟ್ಟ ಏರ್ಪಾಡು ಇರಲೇಬೇಕು. ಅದನ್ನು ತುಂಬಲು ಕೂತ ರೀಲರ್ ಸಾಲ ಕೇಳುವ ಮೊದಲೇ ತಮ್ಮ ಉದ್ಯಮದ ಲೆಕ್ಕವನ್ನು ಎದುರಿಸುತ್ತಾರೆ. ಕೆಲವರು ಕೇಳುವ ಮೊತ್ತವನ್ನು ತಿದ್ದಿಕೊಳ್ಳಬಹುದು, ಕೆಲವರು ಒಂದು ವರ್ಷ ತಡೆಯಬಹುದು. ಉಳಿದವರು ತಾವು ಸಹಿ ಹಾಕಿದ ಪ್ರತಿ ಅಂಕಿಯನ್ನೂ ತಮ್ಮದೇ ಮಾತಿನಲ್ಲಿ ಸಮರ್ಥಿಸುವ ಬಲದೊಂದಿಗೆ ಬ್ಯಾಂಕಿಗೆ ಹೋಗುತ್ತಾರೆ.